ಗೆರೆ ಎಳೆಸಿದ ಪಾಠ

ತೊಂಬತ್ತರ ದಶಕದಲ್ಲಿ ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆ. ಸಂಸ್ಕೃತ ತೊಗೊಂಡರೆ ಮಾರ್ಕ್ಸ್ ಸುರಿಯುತ್ತೆ ಅಂತ ಶೇಷಾದ್ರಿಪುರದಿಂದೆಲ್ಲ ಮಕ್ಕಳು ಬಂದು ಸೇರೋರು. ಭಾಷೆ ಯಾರಿಗೆ ಬೇಕಿತ್ತು! ನನಗೂ ಅಷ್ಟೇನೂ ಬೇಕಿರಲಿಲ್ಲ, ಒಪ್ಪಿಕೊಂಡುಬಿಡ್ತೀನಿ. ಉಪನಿಷತ್ತಿನ ಪಾಠ ಬಂದಾಗ, "ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಏನನ್ನು ನುಡಿ ಅಂದ? ಒಂದು ಮಾರ್ಕಿಗೆ ಬಂದೇ ಬರುತ್ತೆ, ಗೆರೆ ಎಳ್ಕೊಳ್ಳಿ" ಅನ್ನುತ್ತಿದ್ದೆ. ಎಲ್ಲರೂ ಸ್ಕೇಲ್ ಇಟ್ಟು ಎಳೆಯುತ್ತಿದ್ದರು. ಒಂದು ವರ್ಷ ನನ್ನ ಮಗಳೂ ಆ ಕ್ಲಾಸಿನಲ್ಲಿದ್ದಳು.

ನಮ್ಮ ಸ್ಕೂಲಿನಲ್ಲೇ ಅವಳ ಸಂಸ್ಕೃತದ ಪಬ್ಲಿಕ್ ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಹೆಡ್ಮಾಸ್ಟರು ನನ್ನನ್ನು ರೂಮಿಗೆ ಕರೆಸಿ ಬಾಗಿಲು ಮುಂದೆ ಮಾಡಿದರು. ಮೇಜಿನ ಮೇಲೆ ಪ್ರಶ್ನೆಪತ್ರಿಕೆ, ಪಕ್ಕದಲ್ಲಿ ಬಿಳಿ ಹಾಳೆ.

"ಮೇಡಂ, ಒಂದೊಂದು ಮಾರ್ಕಿಂದು ಬೇಗ ಬರ್ಕೊಡಿ. ನೀರು ಕೊಡೋ ನೆಪದಲ್ಲಿ ಅಟೆಂಡರ್ ಒಳಗೆ ತೊಗೊಂಡ್ಹೋಗ್ತಾನೆ. ನಿಮ್ಮ ಮಗಳೂ ಕೂತಿದಾಳಲ್ಲ."

ಮೊದಲನೆಯ ಪ್ರಶ್ನೆ ಅದೇ, ಗುರು ಏನನ್ನು ನುಡಿ ಅಂದ ಅನ್ನೋದು. ಉತ್ತರ, ಸತ್ಯ. ಅಯ್ಯೋ ಶಿವನೇ, ಸತ್ಯ ಅನ್ನೋ ಪದವನ್ನ ನೀರಿನ ಜಗ್ಗಿನ ಜೊತೆ ಕದ್ದು ಕಳಿಸಬೇಕಂತೆ! ನಗು ಬಂತು, ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ಮಗಳಿಗೆ ಪೂರಾ ಮಾರ್ಕ್ಸ್ ಬರಲಿ ಅನ್ನೋ ಆಸೆ ಇರಲಿಲ್ಲವೆ? ಇತ್ತು. ಕೈ ಪೆನ್ನಿನವರೆಗೂ ಹೋಗಿತ್ತು.

ಹಾಳೆಯ ಮೇಲೆ 'ಸತ್ಯ' ಅಂತ ಒಂದೇ ಪದ ಬರೆದು, ಕೆಳಗೆ ಸಹಿ ಹಾಕಿ ಅವರ ಮುಂದಿಟ್ಟೆ.

"ಇದು ನಿಮಗೆ ಸಾರ್. ನನಗೂ. ಒಳಗೆ ಚೀಟಿ ಹೋಗಿದ್ದು ಗೊತ್ತಾದ್ರೆ ಮೇಲಿನವರಿಗೆ ನಾನೇ ಬರೀತೀನಿ."

"ನಿಮ್ಮ ಹಟಕ್ಕೆ ಮಕ್ಕಳು ಬಲಿ" ಅನ್ನುತ್ತ ಅವರು ಹಾಳೆ ಹರಿದು ಬುಟ್ಟಿಗೆ ಹಾಕಿದರು.

ಪರೀಕ್ಷೆ ಮುಗಿಸಿ ಮಗಳು ಮುಖ ಸಣ್ಣ ಮಾಡಿಕೊಂಡು ಗೇಟಿಗೆ ಬಂದಳು. "ಅಮ್ಮಾ, ಮೊದಲನೇದೇ ಬಿಟ್ಬಂದೆ. ಗೆರೆ ಎಳೆದಿದ್ದು ನೆನಪಿತ್ತು, ಪದ ನೆನಪಾಗ್ಲಿಲ್ಲ."

ಮನೆ ದಾರಿಯಲ್ಲಿ ನಡೆದದ್ದೆಲ್ಲ ಹೇಳಿದೆ. ಅವಳು ನಡುರಸ್ತೆಯಲ್ಲೇ ನಿಂತುಬಿಟ್ಟಳು.

"ನಿಂಗೆ ಗೊತ್ತಿತ್ತು. ಒಂದೇ ಪದ, ಅಮ್ಮಾ!"

"ಕಳಿಸಿದ್ರೆ ನಿನ್ನ ಪೇಪರಲ್ಲಿ ಆ ಪದಾನೇ ಸುಳ್ಳಾಗಿರೋದು ಕಣೇ."

ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ ಅಂದುಕೊಂಡೆ. ಅವಳಿಗಿಂತ ಹೆಚ್ಚಾಗಿ ನನಗೇ ನನ್ನ ಮೇಲೆ ಸಿಟ್ಟಿತ್ತು. ಅಷ್ಟು ವರ್ಷ ಗೆರೆ ಎಳೆಸಿದವಳು ನಾನೇ ತಾನೆ?

ಜೂನ್‌ನಲ್ಲಿ ಹೊಸ ಮಕ್ಕಳು ಬಂದರು. ಆ ಪಾಠ ತೆಗೆದ ಕೂಡಲೇ ಮುಂದಿನ ಬೆಂಚಿನ ಹುಡುಗಿ ಸ್ಕೇಲ್ ಹುಡುಕತೊಡಗಿದಳು.

"ಅದನ್ನ ಒಳಗಿಡಮ್ಮ," ಅಂದೆ. ಆಮೇಲೆ ಆ ಪೀರಿಯಡ್ ಪೂರ್ತಿ, ನನ್ನ ಮಗಳು ಬಿಟ್ಟುಬಂದ ಒಂದು ಮಾರ್ಕಿನ ಕಥೆ ಹೇಳಿದೆ.