ಮಾವನವರು ಬಂಡೆಯ ಮೇಲೆ ನಿಂತುಬಿಟ್ಟ ಸಂಜೆ

ಬೆಟ್ಟದಲ್ಲಿ ಓಡುವುದನ್ನು ನನಗೆ ಕಲಿಸಿದವರು ನನ್ನ ಮಾವನವರು. ಇದನ್ನು ಹೇಳಿದರೆ ನಾನು ಕೆಲಸ ಮಾಡುವ ಕಾಲೇಜಿನ ಗೆಳತಿಯರು ಈಗಲೂ ನಗುತ್ತಾರೆ. ಸೊಸೆಗೆ ಅಡುಗೆ ಕಲಿಸುವ ಅತ್ತೆಯನ್ನು ನೋಡಿದ್ದೇವೆ, ಓಟ ಕಲಿಸುವ ಮಾವನನ್ನು ನೋಡಿಲ್ಲ ಎನ್ನುತ್ತಾರೆ.

ಮಾವನವರು ವಿಜಯಪುರದ ಕಡೆಯವರು. ಹರೆಯದಲ್ಲೇ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದು, ನಾರಾಯಣಗೂಡದಲ್ಲಿ ಮನೆ ಮಾಡಿ, ಇಲ್ಲೇ ನಿವೃತ್ತರಾದರು. ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ದಿನಾ ನಡೆಯಬೇಕು ಎಂದರು. ಪಾರ್ಕಿಗೆ ಒಂದು ವಾರ ಹೋದರು, ಆಮೇಲೆ ನಿಲ್ಲಿಸಿದರು. ‘ಗಾಣದ ಎತ್ತಿನಂಗ ಅಲ್ಲೇ ಸುತ್ತೂದು ನನ್ನ ಕೈಲೆ ಆಗೂದಿಲ್ಲ’ ಎಂದರು. ಅವರ ಹಳೆಯ ಸಹೋದ್ಯೋಗಿಯೊಬ್ಬರು ಚಾರಣದ ಗುಂಪಿನ ಜೊತೆ ಅವರನ್ನು ವಿಕಾರಾಬಾದಿನ ಅನಂತಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋದರು. ಮಾವನವರು ಸಂಜೆ ಮೈತುಂಬ ಕೆಂಪು ಮಣ್ಣು ಮಾಡಿಕೊಂಡು, ಹೊಸದಾಗಿ ಮದುವೆಯಾದವರ ಹಾಗೆ ಮುಖ ಅರಳಿಸಿಕೊಂಡು ಮನೆಗೆ ಬಂದರು. ಅಲ್ಲಿಂದ ಅವರನ್ನು ಹಿಡಿಯುವವರೇ ಇಲ್ಲ. ಭಾನುವಾರ ಬಂದರೆ ಬೆಟ್ಟ. ನಡಿಗೆ ಓಟವಾಯಿತು, ಓಟ ದಿನವಿಡೀ ಓಡುವ ಸ್ಪರ್ಧೆಯಾಯಿತು.

ಒಬ್ಬರೇ ಹೋಗುತ್ತಾರಲ್ಲ ಎಂದು ಅತ್ತೆಗೆ ಭಯ. ನನ್ನ ಗಂಡನಿಗೆ ಭಾನುವಾರವೂ ಪಾಳಿ. ‘ನೀನರ ಜೋಡಿ ಹೋಗವ್ವಾ. ಎಲ್ಲರ ಬಿದ್ದುಗಿದ್ದರ ಫೋನರ ಮಾಡ್ತಿ’ ಎಂದು ಅತ್ತೆ ನನ್ನನ್ನು ಕಳಿಸಿದರು. ಬಸ್ಸು ಹಿಡಿಯಲು ಬಿಟ್ಟರೆ ನಾನು ಯಾವತ್ತೂ ಓಡಿದವಳಲ್ಲ. ಮೊದಲ ದಿನ ಅರ್ಧ ಏರಿಗೇ ಕುಳಿತುಬಿಟ್ಟೆ. ಮುಂದೆ ಹೋಗಿದ್ದ ಮಾವನವರು ತಿರುಗಿ ಬಂದರು.

‘ಓಡಾಕ ಹೋಗಬ್ಯಾಡ ಯವ್ವಾ. ಮಾತಾಡಕೋಂತ ಬಾ. ಮಾತು ನಿಂತ್ರ ಕಾಲೂ ನಿಲ್ಸು.’

ಅವರು ಕಲಿಸಿದ ಪಾಠ ಅಷ್ಟೇ. ಮಾತಾಡುತ್ತಾ ಮಾತಾಡುತ್ತಾ ನಾನೂ ಓಡುವವಳಾದೆ. ಅಬಿಡ್ಸ್‌ನಲ್ಲಿ ಬೆಟ್ಟದ ಶೂ ಕೊಳ್ಳಲು ಹೋದಾಗ ಅಂಗಡಿಯವನು, ಮಗನಿಗೆ ಬೇಕಾ ಎಂದು ಹಿಂದಿಯಲ್ಲಿ ಕೇಳಿದ. ಮಾವನವರು ‘ಮೇರೇಕು ಹೋನಾ, ಇನೋಕು ಭೀ ಹೋನಾ’, ನನಗೆ ಬೇಕು, ಇವಳಿಗೂ ಬೇಕು ಎಂದು ನನ್ನತ್ತ ಕೈ ತೋರಿಸಿದರು. ಉಳಿದವರು ಓಟದ ನಡುವೆ ಶಕ್ತಿಗೆಂದು ಪೊಟ್ಟಣದಲ್ಲಿ ಬರುವ ಸಿಹಿ ಅಂಟು ಹೀರುತ್ತಿದ್ದರೆ ನಾವು, ಮಾವನವರ ಸಕ್ಕರೆ ತೀರಾ ಇಳಿಯದಿರಲೆಂದು ಅತ್ತೆ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತಿನ್ನುತ್ತಿದ್ದೆವು. ನನ್ನ ತಂದೆಯ ಜೊತೆ ಕೂಡ ನಾನು ಅಷ್ಟು ಮಾತಾಡಿದವಳಲ್ಲ.

ಆಮೇಲೆ ಅವರು ಬೀಳತೊಡಗಿದರು. ಮೊದಲು ಶೂ ಸರಿಯಿಲ್ಲ ಎಂದರು. ಅಕ್ಕಪಕ್ಕದ ಮುಳ್ಳಿನ ಕೊಂಬೆಗಳು ಅವರ ತೋಳನ್ನು ಗೀರುತ್ತಿದ್ದವು. ನನ್ನನ್ನು ಗೀರುತ್ತಿರಲಿಲ್ಲ. ಬಿಸಿಲಿನಿಂದ ಮರದ ನೆರಳಿಗೆ ಬಂದಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತಿದ್ದರು. ದಣಿವು ಎಂದುಕೊಂಡೆ. ಸಕ್ಕರೆಯ ತಪಾಸಣೆಗೆ ಹೋದಾಗ ಕಣ್ಣನ್ನೂ ನೋಡಿದ ಡಾಕ್ಟರು ನನ್ನನ್ನು ಒಳಗೆ ಕರೆದರು. ಗ್ಲಾಕೊಮಾ. ಕಣ್ಣಿನೊಳಗಿನ ಒತ್ತಡದಿಂದ ನರ ಸೊರಗಿ, ಎರಡೂ ಬದಿಯ ನೋಟ ಹೋಗಿಬಿಟ್ಟಿದೆ. ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಉಳಿದಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಹನಿ ಹಾಕಬೇಕು ಎಂದರು.

ಮಾವನವರು ಎಲ್ಲವನ್ನೂ ಕೇಳಿಸಿಕೊಂಡು, ಬೆಟ್ಟದಲ್ಲಿ ಓಡಬಹುದಲ್ಲ ಎಂದು ತೆಲುಗಿನಲ್ಲಿ ಕೇಳಿದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಐವತ್ತು ಕಿಲೋಮೀಟರಿನ ಒಂದು ಓಟಕ್ಕೆ ಅವರು ಆಗಲೇ ಹೆಸರು ಕೊಟ್ಟಿದ್ದರು. ನಲ್ಗೊಂಡದ ಕಡೆಯ ಬಂಡೆಗುಡ್ಡಗಳಲ್ಲಿ ನಡೆಯುವ ಓಟ. ಮನೆಯಲ್ಲಿ ಜಗಳವಾಯಿತು. ನನ್ನ ಗಂಡ ಬೇಡವೆಂದ, ಅತ್ತೆ ಊಟ ಬಿಟ್ಟರು. ‘ಇದೊಂದು ಮುಗಸ್ತೀನಿ. ಆಮ್ಯಾಲೆ ನೀವು ಹೇಳಿದಂಗ’ ಎಂದು ಮಾವನವರು ಕೈ ಮುಗಿದರು. ಆ ಮುಗಿದ ಕೈ ನೋಡಿದ ಮೇಲೆ ಅತ್ತೆ ಎದ್ದು ಎಲ್ಲರಿಗೂ ತಟ್ಟೆ ಹಾಕಿದರು.

ಓಟದ ದಿನ ನಾನು ಮುಂದೆ, ಅವರು ನನ್ನ ಬೆನ್ನಿಗೆ. ಬೆಳಗಿನಿಂದ ನಾನು ಕೂಗುತ್ತಲೇ ಓಡಿದೆ: ‘ಎಡಕ್ಕ ಕಲ್ಲು’, ‘ತಗ್ಗು ಐತ್ರಿ’, ‘ಕೊಂಬಿ, ತಲಿ ಬಗ್ಗಸ್ರಿ’. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ಮಾವನವರು ಮಾತ್ರ ಖುಷಿಯಲ್ಲಿದ್ದರು. ‘ನಿನ್ನ ದನಿ ಇದ್ರ ನಾ ದಿಲ್ಲಿ ಮಟಾ ಓಡ್ತೀನಿ’ ಎಂದರು. ನಾನೂ ನಂಬಿದೆ.

ಕೊನೆಯ ಗುಡ್ಡ ಒಂದೇ ಬೋಳು ಬಂಡೆ. ಏರುವಾಗ ಬಿಸಿಲು ಬೆನ್ನಿಗೆ ಹೊಡೆಯುತ್ತಿತ್ತು. ನೆತ್ತಿ ದಾಟಿ ಆಚೆ ಬದಿ ಇಳಿಯಲು ಹೊರಟಾಗ ಸೂರ್ಯ ಗುಡ್ಡದ ಹಿಂದಾದ. ಕೆಳಗೆ ದೊಡ್ಡ ದೊಡ್ಡ ಗುಂಡುಕಲ್ಲುಗಳು, ನಡುವೆ ಸಂದುಗಳು. ನನಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಹಿಂದೆ ಹೆಜ್ಜೆಯ ಸದ್ದು ನಿಂತಿತು.

‘ಮಾವಾರ, ಬರ್ರಿ.’

‘ನಿಂದ್ರು.’

‘ಏನಾತ್ರಿ?’

‘ಎಲ್ಲಿದ್ದಿ ನೀ?’

ನಾನು ಅವರಿಂದ ಒಂದು ಮಾರು ದೂರದಲ್ಲಿದ್ದೆ.

ಹಣೆಗೆ ಕಟ್ಟುವ ಟಾರ್ಚು ಹಾಕಿದೆ. ‘ಬ್ಯಾಡ, ಎಲ್ಲಾ ಬೆಳ್ಳಗಾತು’ ಎಂದು ಮುಖ ತಿರುಗಿಸಿದರು. ಎರಡೂ ಕೈಯಿಂದ ಪಕ್ಕದ ಬಂಡೆಯನ್ನು ತಬ್ಬಿಕೊಂಡಿದ್ದರು. ಫೋನಿಗೆ ಸಿಗ್ನಲ್ ಇರಲಿಲ್ಲ. ನಮ್ಮನ್ನು ದಾಟಿ ಹೋಗುತ್ತಿದ್ದ ಓಟಗಾರನೊಬ್ಬ ‘ಏಮೈಂದಿ ಅಂಕುಲ್?’, ಏನಾಯಿತು ಎಂದು ಕೇಳಿದ. ಏನಿಲ್ಲ, ನೀರು ಕುಡಿಯುತ್ತಿದ್ದೇನೆ ಎಂದು ಮಾವನವರು ತೆಲುಗಿನಲ್ಲಿ ಹೇಳಿ, ಬಂಡೆಯನ್ನು ಬಿಡದೆಯೇ ನಕ್ಕರು. ಅವರ ನಗುವನ್ನು ನೋಡಿ ನಾನೂ ಅವನಿಗೆ ಹೋಗು ಎಂದು ಕೈ ಬೀಸಿದೆ.

ಆಮೇಲೆ ಬಗ್ಗಿ ಅವರ ಪಾದ ಹಿಡಿದು ಕೆಳಗಿನ ಕಲ್ಲಿಗೆ ಇಡಲು ನೋಡಿದೆ. ‘ಕಾಲು ಬಿಡು!’ ಎಂದು ಗದರಿದರು. ಆ ಮನೆಗೆ ಬಂದಾಗಿನಿಂದ ಅವರು ನನಗೆ ಗದರಿದ್ದು ಅದೇ ಮೊದಲು. ಹೊತ್ತು ಇಳಿಸಲು ನನಗೆ ಶಕ್ತಿಯಿಲ್ಲ. ಬಿಟ್ಟು ಸಹಾಯಕ್ಕೆ ಓಡಲು ಧೈರ್ಯವಿಲ್ಲ. ತಿರುಗಿ ಬರುವಷ್ಟರಲ್ಲಿ ಅವರು ಒಂದು ಹೆಜ್ಜೆ ತಪ್ಪಿಟ್ಟರೆ? ಕೆಳಗಿನ ಊರಿನಿಂದ ಯಾರೋ ಎಮ್ಮೆಗಳನ್ನು ಕೂಗಿ ಕರೆಯುವುದು ಕೇಳಿಸುತ್ತಿತ್ತು. ನಾನೂ ಕೂಗಿದೆ. ಕಟ್ಟಿದ ಗಂಟಲಿನಿಂದ ಗಾಳಿ ಮಾತ್ರ ಹೊರಟಿತು.

ಸ್ವಲ್ಪ ಹೊತ್ತಿನ ಮೇಲೆ ಅವರು ಬಂಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಕುಳಿತರು.

‘ಕಲ್ಲು ಕಾಣವಲ್ವು ಯವ್ವಾ. ನಿನ್ನ ಮಾರಿನೂ ಕಾಣವಲ್ದು.’

ನಾನು ಸದ್ದಾಗದಂತೆ ಅಳತೊಡಗಿದೆ, ಆದರೂ ಬಿಕ್ಕು ಅವರಿಗೆ ಕೇಳಿಸಿತು. ‘ಯಾಕ ಅಳಾಕತ್ತಿ?’ ಎಂದು ಕೇಳಿದರು. ಕತ್ತಿನ ಟವಲನ್ನು ತೆಗೆದು ನಾನಿದ್ದೇನೆ ಎಂದುಕೊಂಡ ಕಡೆಗೆ ಚಾಚಿದರು. ನಾನು ಆ ಕಡೆ ಇರಲಿಲ್ಲ. ಸರಿದು ಹೋಗಿ ತೆಗೆದುಕೊಂಡೆ.

ಓಟಗಾರರೆಲ್ಲ ಹೋದ ಮೇಲೆ ದಾರಿಯ ಗುರುತುಗಳನ್ನು ಬಿಚ್ಚಿಕೊಂಡು ಬರುವ ಸ್ವಯಂಸೇವಕರು ಇಬ್ಬರು ಕೊನೆಗೆ ಬಂದರು. ಅವರ ಬಳಿ ಹಗ್ಗವಿತ್ತು. ಮಾವನವರ ಸೊಂಟಕ್ಕೆ ಕಟ್ಟಿ, ಒಬ್ಬರು ಮೇಲಿನಿಂದ ಹಿಡಿದು, ಇನ್ನೊಬ್ಬರು ಕೆಳಗಿನಿಂದ ಕಾಲಿಗೆ ಕೈಕೊಟ್ಟು, ಕುಳಿತಲ್ಲಿಂದಲೇ ಜಾರಿಸುತ್ತಾ ಇಳಿಸಿದರು. ಅವರ ಪ್ಯಾಂಟು ಹಿಂದೆ ಹರಿದುಹೋಯಿತು. ಮಾವನವರು ಆ ಇಬ್ಬರು ಹೇಳಿದಂತೆಯೇ ಕೈಕಾಲು ಇಟ್ಟರು. ನಾನು ಅವರ ಚೀಲ ಹಿಡಿದುಕೊಂಡು ಹಿಂದೆ ಬಂದೆ. ಅದನ್ನು ಬಿಟ್ಟರೆ ಮಾಡುವುದೇನೂ ಇರಲಿಲ್ಲ.

ಕೆಳಗೆ ಓಟದ ಸಮಯ ಮುಗಿದಿತ್ತು. ಆದರೂ ಪ್ರೀತಿಯಿಂದ ಒಬ್ಬರು ಪದಕ ತಂದರು. ಮಾವನವರು ಅವರ ಕೈಯನ್ನು ಹುಡುಕಿ ಹಿಡಿದು ಪದಕವನ್ನು ವಾಪಸಿಟ್ಟರು. ಹೈದರಾಬಾದ್ ಬರುವ ತನಕ ಬಾಡಿಗೆ ಕಾರಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಬಂದಿರಲಿಲ್ಲ.

ಮುಂದಿನ ಭಾನುವಾರ ಎಂದಿನಂತೆ ಎದ್ದು ಶೂ ಕಟ್ಟಿಕೊಂಡರು. ಹಾಲ್‌ನ ಕುರ್ಚಿಯಲ್ಲಿ ಕುಳಿತರು. ಅತ್ತೆ ಚಹಾ ತಂದುಕೊಟ್ಟ ಮೇಲೆ ಬಿಚ್ಚಿದರು.

ನನಗೆ ಸುಮ್ಮನಿರಲಾಗಲಿಲ್ಲ. ಕಣ್ಣು ಕಾಣದವರು ಜೊತೆಗಾರರ ಕೈಗೆ ದಾರ ಕಟ್ಟಿಕೊಂಡು ಓಡುತ್ತಾರೆ ಎಂದು ಓದಿ, ಸುಲ್ತಾನ್ ಬಜಾರಿನಿಂದ ಮೆತ್ತನೆಯ ಹುರಿ ತಂದೆ. ನಮ್ಮ ಕಾಲೇಜಿನ ಮೈದಾನದಲ್ಲಿ ಅವರ ಮಣಿಕಟ್ಟಿಗೂ ನನ್ನ ಮಣಿಕಟ್ಟಿಗೂ ಕಟ್ಟಿದೆ. ಒಂದು ಸುತ್ತು ಓಡಿದರು. ಚೆನ್ನಾಗಿಯೇ ಓಡಿದರು. ಆಮೇಲೆ ನಿಂತು ಗಂಟು ಬಿಚ್ಚತೊಡಗಿದರು. ಅದು ಅವರಿಗೆ ಸಿಗಲಿಲ್ಲ, ನಾನೇ ಬಿಚ್ಚಿದೆ.

‘ಇದು ನೀ ಓಡಾಕತ್ತೀದಿ ಯವ್ವಾ. ನಾ ಬರೇ ಜಗ್ಗಿಸ್ಕೋಂತ ಬರಾಕತ್ತೀನಿ.’

ಹಾಗಲ್ಲ ಎನ್ನಬೇಕಿತ್ತು. ಹುರಿಯನ್ನು ಸುತ್ತಿ ಚೀಲಕ್ಕೆ ಹಾಕಿದೆ.

ನಾನು ಈಗಲೂ ಬೆಟ್ಟಕ್ಕೆ ಹೋಗುತ್ತೇನೆ. ಹೋಗು ಎಂದವರು ಅವರೇ. ಮನೆಗೆ ಬಂದ ಕೂಡಲೇ ಪಕ್ಕದಲ್ಲಿ ಕೂರಿಸಿಕೊಂಡು, ಹಳ್ಳದಲ್ಲಿ ನೀರಿತ್ತೇ, ಯಾರು ಯಾರು ಬಂದಿದ್ದರು ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಹನಿ ಹಾಕುತ್ತಿದ್ದರೂ ನೋಟ ಇನ್ನೂ ಕಿರಿದಾಗುತ್ತಲೇ ಇದೆ. ಮೊನ್ನೆ ನಾನು ಬಂದು ಕುಳಿತು ಹೇಳಲು ಶುರು ಮಾಡಿದಾಗ ನನ್ನ ಮೊಣಕಾಲ ಮೇಲೆ ಕೈಯಿಟ್ಟು ತಡೆದರು.

‘ಇವತ್ತ ಬ್ಯಾಡ. ಹೇಳಬ್ಯಾಡ.’

ನಾನು ಕೈ ತೊಳೆದು ಬಂದೆ. ಸಂಜೆಯ ಹನಿಯ ಹೊತ್ತಾಗಿತ್ತು. ಅವರು ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಅಗಲಿಸಿದರು. ಮೊದಲ ಹನಿ ರೆಪ್ಪೆಗೆ ತಾಗಿ ಕೆನ್ನೆಗೆ ಇಳಿಯಿತು. ಒರೆಸಿ, ಇನ್ನೊಂದು ಹಾಕಿದೆ.