ಕಿಟ್ಟ ಕೆಳಗೆ, ಕಬ್ಬಿಣ ಮೇಲೆ

ಭದ್ರಾವತಿಯ ನ್ಯೂ ಟೌನಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ನಮಗೆ ಮೂರು ಕಂಪ್ಯೂಟರುಗಳು ಬಂದವು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಅವುಗಳಿಗೆ ಬಟ್ಟೆಯ ಮುಸುಕು ಹೊಲಿಸಿ, ಕುಂಕುಮ ಹಚ್ಚಿ, ಕೋಣೆಗೆ ಬೀಗ ಹಾಕಿದೆವು. ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬರಬೇಕು. ಒಂದೊಂದು ಕಂಪ್ಯೂಟರಿನ ಮುಂದೆ ಹದಿನೈದು ಮಕ್ಕಳು. ಒಬ್ಬ ಮೌಸ್ ಹಿಡಿಯುತ್ತಿದ್ದ, ಉಳಿದ ಹದಿನಾಲ್ಕು ಮಂದಿ ಅವನ ಬೆನ್ನು ನೋಡುತ್ತಿದ್ದರು. ವರದಿಯಲ್ಲಿ ಇದನ್ನು ನಾವು ಗುಂಪು ಕಲಿಕೆ ಎಂದು ಬರೆಯುತ್ತಿದ್ದೆವು.

ಒಂದು ದಿನ ಮುಖ್ಯೋಪಾಧ್ಯಾಯರು ನನ್ನನ್ನು ಕರೆದರು. ಮಾದರಿ ಪಾಠ ನೋಡಲು ಶಿವಮೊಗ್ಗದಿಂದ ಅಧಿಕಾರಿಗಳು ಬರುವವರಿದ್ದರು.

"ತಂತ್ರಜ್ಞಾನ ಇರಬೇಕಂತೆ, ಸಂವಾದನೂ ಇರಬೇಕಂತೆ. ಮಕ್ಕಳು ತಾವಾಗೇ ಪ್ರಶ್ನೆ ಕೇಳ್ಬೇಕಂತೆ. ಯಾರು ಏನು ಕೇಳ್ತಾರೆ ಅಂತ ಬರೆದು ನಾಳೆನೇ ನಂಗೆ ತೋರಿಸಿ," ಎಂದರು.

ನಾನು ತೋರಿಸಿದೆ. ಮೂರು ಪ್ರಶ್ನೆಗಳನ್ನು ಮೂರು ಚೀಟಿಗಳಲ್ಲಿ ಬರೆದು, ಬಾಯಿ ಚುರುಕಿದ್ದ ಮೂವರಿಗೆ ಹಂಚಿದೆ. ಪಾಠ, ಕಬ್ಬಿಣ ತೆಗೆಯುವ ಊದುಕುಲುಮೆ. ಶಿವಮೊಗ್ಗದ ಸವಳಂಗ ರಸ್ತೆಯ ಕಂಪ್ಯೂಟರ್ ಸೆಂಟರಿನಲ್ಲಿ ನಾಲ್ಕು ಸಂಜೆ ಕೂತು ಸ್ಲೈಡುಗಳನ್ನು ಮಾಡಿಸಿದೆ. ಕುಲುಮೆಯ ಬಾಯಿಂದ ಬೆಂಕಿ ಬರಬೇಕು, ಅಕ್ಷರಗಳು ಹಾರಿ ಬಂದು ಕೂರಬೇಕು ಎಂದು ಹಟ ಹಿಡಿದೆ. ಅಕ್ಷರಗಳೇನೋ ಹಾರಿ ಬಂದವು, ಕೂತದ್ದು ಮಾತ್ರ ಅದಲುಬದಲಾಗಿ. ಕರಗಿದ ಕಬ್ಬಿಣ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ಅದಿರಿನ ಕಸವಾದ ಕಿಟ್ಟ ಅದರ ಮೇಲೆ ತೇಲುತ್ತದೆ. ನನ್ನ ಚಿತ್ರದಲ್ಲಿ ಕಿಟ್ಟ ಕೆಳಗಿತ್ತು, ಕಬ್ಬಿಣ ಮೇಲಿತ್ತು. ಊರಿನ ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡು ಹತ್ತು ವರ್ಷ ಬದುಕಿದ್ದರೂ ನಾನು ಒಂದು ದಿನವೂ ಕುಲುಮೆಯನ್ನು ಕಂಡವನಲ್ಲ. ಬೆಂಕಿಯ ಬಣ್ಣ ಸರಿಯಾಗಿದೆಯೇ ಎಂದು ನೋಡಿದೆ, ಅಷ್ಟೆ.

ಆ ದಿನ ಪಾಠ ಎಣ್ಣೆ ಹಾಕಿದ ಹಾಗೆ ಓಡಿತು. ಒಂದನೇ ಚೀಟಿ ಎದ್ದು ಕೇಳಿತು, ನಾನು ಆಶ್ಚರ್ಯಪಟ್ಟು ಗುಂಡಿ ಒತ್ತಿದೆ, ಬಾಡಿಗೆ ಪ್ರೊಜೆಕ್ಟರಿನಿಂದ ಉತ್ತರ ಗೋಡೆಯ ಮೇಲೆ ಬಂತು. ಎರಡನೆಯದೂ ಹಾಗೆಯೇ. ಮೂರನೆಯದು ಏಳುವ ಮೊದಲೇ ಹಿಂದಿನ ಬೆಂಚಿನಿಂದ ಚೀಟಿಯಿಲ್ಲದ ಹುಡುಗಿಯೊಬ್ಬಳು ಎದ್ದಳು. ಅವಳ ಅಪ್ಪ ಕುಲುಮೆಯ ಕೆಲಸಗಾರ.

"ಸಾರ್, ಕಿಟ್ಟ ಮೇಲಲ್ವಾ ಇರೋದು? ನಮ್ಮಪ್ಪ ಹಂಗೇ ಹೇಳ್ತಾರೆ."

ನಾನು ಗೋಡೆ ನೋಡಿದೆ. ಅವಳು ಹೇಳಿದ್ದು ಸರಿ ಎಂದು ತಕ್ಷಣ ಗೊತ್ತಾಯಿತು. ಅಷ್ಟರಲ್ಲಿ ಅಧಿಕಾರಿಗಳು ನಕ್ಕು, "ಕಂಪ್ಯೂಟರ್ ತಪ್ಪು ಹೇಳುತ್ತೇನಮ್ಮ?" ಎಂದರು. ಮುಖ್ಯೋಪಾಧ್ಯಾಯರು ನಕ್ಕರು. ತರಗತಿಯೆಲ್ಲ ನಕ್ಕಿತು.

"ಕೂತ್ಕೋ," ಎಂದೆ ನಾನು.

ಕೂತಳು. ಮೂರನೇ ಚೀಟಿ ಎದ್ದಿತು. ಸಂವಾದ ಅತ್ಯುತ್ತಮವಾಗಿತ್ತೆಂದು ಬರೆದು ಸಹಿ ಹಾಕಿ, ನನ್ನ ಪಾಠದ ಸಿಡಿ ತೆಗೆದುಕೊಂಡು ಅಧಿಕಾರಿಗಳು ಹೋದರು.

ಮಾರನೆಯ ದಿನ ಅವಳ ಅಪ್ಪ ಶಿಫ್ಟ್ ಮುಗಿಸಿ ನೇರವಾಗಿ ಸ್ಟಾಫ್ ರೂಮಿಗೆ ಬಂದರು. ಮನೆಮಾತು ತಮಿಳಾದರೂ ಕನ್ನಡ ಚೆನ್ನಾಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ರಾತ್ರಿ ಊಟ ಮಾಡ್ಲಿಲ್ಲ ಸಾರ್, ಮಗು. ನೀನು ತಪ್ಪು ಹೇಳ್ಕೊಟ್ಟೆ ಅಪ್ಪಾ ಅಂತ ನನ್ ಮೇಲೆ ಕೋಪ. ಇಪ್ಪತ್ತೆರಡು ವರ್ಷದಿಂದ ಮೇಲಿನ ಬಾಯಿಂದಾನೇ ಕಿಟ್ಟ ಬಿಡ್ತಾ ಇದೀವಿ. ಈಗೇನಾದ್ರೂ ಬದಲಾಗಿದ್ಯಾ ಅಂತ ಕೇಳ್ಕೊಂಡು ಹೋಗಾಣ ಅಂತ ಬಂದೆ."

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಬದಲಾಗಿಲ್ಲ. ತಪ್ಪು ನಂದು," ಎಂದೆ.

ಅವರು ತಲೆಯಾಡಿಸಿ ಹೊರಟುಹೋದರು. ಆ ಮಧ್ಯಾಹ್ನ ತರಗತಿಯಲ್ಲಿ ಚಿತ್ರವನ್ನು ಸೀಮೆಸುಣ್ಣದಲ್ಲಿ ಬರೆದು, ಅವಳು ಹೇಳಿದ್ದೇ ಸರಿ, ಅದು ಗೊತ್ತಿದ್ದೂ ನಾನು ಕೂರಿಸಿದೆ ಎಂದು ಹೇಳಿದೆ. ಮಕ್ಕಳು ಅವಳ ಕಡೆ ತಿರುಗಿದರು. ಅವಳು ತಲೆ ಎತ್ತದೆ ಬರೆದುಕೊಂಡಳು. ಮತ್ತೆ ಕೈ ಎತ್ತಿದ್ದು ಎರಡು ತಿಂಗಳಾದ ಮೇಲೆ, ಅದೂ ನೀರು ಕುಡಿದು ಬರಲೇ ಎಂದು ಕೇಳಲು.

ಸಿಡಿ ವಾಪಸು ತರಿಸೋಣವೆಂದರೆ ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. "ಬಿಡಿ ಮಾರಾಯ್ರೆ. ಈಗ ತಿದ್ದೋಕೆ ಹೋದ್ರೆ ಮೊದ್ಲು ತಪ್ಪಿತ್ತು ಅಂತಾಗುತ್ತೆ."

ಮರುವರ್ಷ ಶಿವಮೊಗ್ಗದಲ್ಲಿ ನಮಗೆಲ್ಲ ತರಬೇತಿ ಇತ್ತು. ತರಗತಿಯಲ್ಲಿ ಮಕ್ಕಳನ್ನು ಮಾತಾಡಿಸುವುದು ಹೇಗೆ ಎಂಬ ಬಗ್ಗೆ ತರಬೇತುದಾರರು ಎರಡೂವರೆ ತಾಸು ಒಬ್ಬರೇ ಮಾತಾಡಿದರು. ಮಾದರಿಯೆಂದು ತೋರಿಸಿದ್ದು ನನ್ನ ಕುಲುಮೆಯನ್ನೇ. ನಾನು ಕೈ ಎತ್ತಿದೆ. ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳುತ್ತೇನೆ ಎಂದರು. ಕೊನೆಯಲ್ಲಿ ಊಟದ ಹೊತ್ತಾಗಿತ್ತು.

ಊಟಕ್ಕೆ ಪಕ್ಕದಲ್ಲಿ ಕೂತವರು ಹೊಳೆಹೊನ್ನೂರು ಕಡೆಯ ಮೇಷ್ಟ್ರು. ಸಾರು ಕಲಸುತ್ತ ಅವರೇ ಮಾತು ತೆಗೆದರು.

"ಆ ಚಿತ್ರ ತಪ್ಪು, ನೋಡಿದ್ರಾ? ನಮ್ಮ ಶಾಲೆಗೂ ಸಿಡಿ ಬಂದಿತ್ತು."

"ಮತ್ತೆ ಏನ್ ಮಾಡಿದ್ರಿ?"

"ಮೇಲಿಂದ ಬಂದಿದ್ದಲ್ವಾ, ಹಂಗೇ ಬರೆಸ್ದೆ. ಪರೀಕ್ಷೇಲಿ ಸರಿಯಾಗಿ ಬರೆದೋರಿಗೆ ಅರ್ಧ ಮಾರ್ಕ್ಸು ಕಳೆದೆ."

ಆ ಚಿತ್ರ ಮಾಡಿಸಿದವನು ನಾನೇ ಎಂದು ಹೇಳಿದೆ. ಅವರು ತುತ್ತು ಹಿಡಿದುಕೊಂಡೇ ನನ್ನನ್ನು ನೋಡಿದರು.

"ಬೆಂಕಿ ಮಾತ್ರ ಚೆನ್ನಾಗಿ ಬಂದಿದೆ ಬಿಡಿ," ಎಂದರು.