ತಂಗೆವ್ವನ ಪಾಲಿನ ಕಡಲೆ

ಕಾಕಾ ಏನನ್ನೇ ಕೊಡಲಿ, ಬಲಗೈಯ ನಾಲ್ಕು ಬೆರಳು ಕೂಡಿಸಿ ಹಲಗೆಯಂತೆ ನೇರ ಚಾಚಿ, ಹೆಬ್ಬೆರಳನ್ನು ಪಕ್ಕಕ್ಕೆ ಒತ್ತಿಹಿಡಿದು, ಅಂಗೈ ಮೇಲಿಟ್ಟು ಕೊಡುತ್ತಿದ್ದರು. ಪೇಢೆಯಾಗಲಿ, ದೇವರ ಪ್ರಸಾದವಾಗಲಿ, ತಲೆನೋವಿನ ಗುಳಿಗೆಯಾಗಲಿ, ಎಲ್ಲದಕ್ಕೂ ಅದೇ ಕೈ. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ಕಂಡು, “ಆ ಕಾಕಾರ ಕೈಗೆ ಏನರೆ ಆಗೇದೇನ್ರಿ?” ಎಂದು ಕೇಳಿದ್ದಳು. ಏನೂ ಆಗಿರಲಿಲ್ಲ. ಕುದುರೆಗೆ, ಹೇಸರಗತ್ತೆಗೆ ಕಾಳು ತಿನ್ನಿಸುವವರ ಕೈ ಅದು. ಹೆಬ್ಬೆರಳನ್ನು ಹೊರಗೆ ಬಿಟ್ಟರೆ ಕಾಳಿನ ಜೊತೆ ಅದಕ್ಕೂ ಹಲ್ಲು ನಾಟುತ್ತದೆ.

ಪುಣೆ ಕ್ಯಾಂಪಿನ ನಮ್ಮ ಗಲ್ಲಿಯಲ್ಲಿ ಅವರು ಎಲ್ಲರಿಗೂ ಮಿಲ್ಟ್ರಿ ಕಾಕಾ. ಅವರ ತಂದೆ ವಿಜಾಪುರದ ಕಡೆಯಿಂದ ಬಂದು ಇಲ್ಲಿ ಟಾಂಗಾ ಕುದುರೆಗಳ ಗೊರಸಿಗೆ ನಾಲ ಬಡಿಯುತ್ತಿದ್ದರು. ಮಗ ಎರಡನೆಯ ಮಹಾಯುದ್ಧದ ಹೊತ್ತಿಗೆ ಸೈನ್ಯ ಸೇರಿ, ಸಾಮಾನು ಹೊರುವ ಹೇಸರಗತ್ತೆ ನಡೆಸಿಕೊಂಡು ಬರ್ಮಾದ ಕಾಡಿಗೆ ಹೋಗಿ, ಹೇಗೋ ಬದುಕಿ ಬಂದು, ತಿರುಗಿ ಅದೇ ನಾಲ ಬಡಿಯಲು ಕೂತರು. ಟಾಂಗಾಗಳು ಹೋದ ಮೇಲೆ ಅದೇ ಕಟ್ಟೆಯ ಮೇಲೆ ಬ್ಯಾಗು, ಬೆಲ್ಟು ಹೊಲಿದರು. ಕಟ್ಟೆಯ ಎದುರಿಗೇ ನನ್ನ ಇಳಕಲ್ ಸೀರೆಯ ಅಂಗಡಿ. ನಡುವೆ ಒಂದು ಸ್ಕೂಟರ್ ದಾಟುವಷ್ಟು ದಾರಿ.

ಅವರ ಬೆಳಗು ಒಂದು ಚಕ್ಕೆ ಎದ್ದ ಮಗ್ಗಿನಿಂದ ಶುರುವಾಗುತ್ತಿತ್ತು. ರಾತ್ರಿ ನೆನೆಸಿಟ್ಟ ಕಡಲೆ ಅದರಲ್ಲಿ. ಮದುವೆ ಮೆರವಣಿಗೆಯ ಕುದುರೆ ಹಾದುಹೋದರೆ ಅದಕ್ಕೆ, ಇಲ್ಲದಿದ್ದರೆ ಕಸಾಯಿ ಗಲ್ಲಿಯ ಆಡಿಗೆ, ಅದೂ ಇಲ್ಲದಿದ್ದರೆ ಶಾಲೆಗೆ ಹೊರಟ ಮಕ್ಕಳಿಗೆ. ಕೊನೆಗೊಂದು ಹಿಡಿ ಮಗ್ಗಿನಲ್ಲೇ ಉಳಿಸುತ್ತಿದ್ದರು. ಅದನ್ನು ಯಾರಿಗೂ ಕೊಡರು, ತಾವೂ ತಿನ್ನರು. “ಅದು ತಂಗೆವ್ವನ ಪಾಲು,” ಎನ್ನುತ್ತಿದ್ದರು. ಸಂಜೆ ಅದನ್ನು ಕಾಗೆಗಳಿಗೆ ಹಾಕಿ ಮಗ್ಗು ತೊಳೆಯುತ್ತಿದ್ದರು. ತೀರಿಹೋದ ತಂಗಿ ಇರಬೇಕು ಪಾಪ ಎಂದುಕೊಂಡು ನಾವ್ಯಾರೂ ಕೆದಕಲಿಲ್ಲ.

ಯುದ್ಧದ ಕತೆ ಕೇಳಲು ಹೋದವರಿಗೆ ಮಾತ್ರ ನಿರಾಸೆ ಕಟ್ಟಿಟ್ಟದ್ದು. ಲೋಕವೇ ಅಲುಗಾಡಿದ ಸಂಗತಿಗಳನ್ನೆಲ್ಲ ಅವರು ಪ್ರಾಣಿಗಳ ಕಾಲಿಗೆ ಕಟ್ಟಿ ನೆನಪಿಟ್ಟಿದ್ದರು. “ಸಿಂಗಾಪುರ ಬಿತ್ತಲ್ಲ, ಆವಾಗ ನಾ ಹೊಸದಾಗಿ ಭರ್ತಿ ಆದ ರಂಗರೂಟ. ಒಂದು ಕರಿ ಖಚ್ಚರ್ ನನ್ನ ಮೊಣಕಾಲಿಗೆ ಒದ್ದಿತ್ತು,” ಎನ್ನುವರು. ಹೇಸರಗತ್ತೆಗೆ ಸೈನ್ಯದವರ ಹೆಸರು ಖಚ್ಚರ್. “ರಂಗೂನ್ ಬಿದ್ದಾಗ ಐನೂರು ನಾಲ ಒಮ್ಮಿಗೇ ಬೇಕಂದ್ರು, ಕೈ ಬೊಬ್ಬಿ ಎದ್ದಿದ್ವು.” ಅಣುಬಾಂಬಿನ ಸುದ್ದಿ ಬಂದಾಗ ಮಲೇರಿಯಾ ಹಿಡಿದು ಆಸ್ಪತ್ರೆಯಲ್ಲಿ ಮಲಗಿದ್ದರಂತೆ. “ಯುದ್ಧ ಮುಗೀತು ಅಂತ ಎಲ್ಲಾರೂ ಕುಣದ್ರು. ನಾ ಕೇಳಿದೆ, ಇನ್ನ ಖಚ್ಚರ್‌ಗೋಳನ್ನ ಏನ್ ಮಾಡ್ತೀರಿ?” ನಾನು ಅಂಗಡಿಯಿಂದಲೇ ರೇಗಿಸುತ್ತಿದ್ದೆ: “ಕಾಕಾ, ಆ ಯುದ್ಧದಾಗ ಮನಶ್ಯಾರೂ ಇದ್ರೋ ಇಲ್ಲೋ?” ಅವರು ಸೂಜಿಯಿಂದ ಕಣ್ಣೆತ್ತದೆ, “ಇದ್ರು. ಅವರ ಸುದ್ದಿ ಪೇಪರಿನ್ಯಾಗ ಬಂತಲ್ಲ, ಸಾವಕಾರ,” ಎನ್ನುತ್ತಿದ್ದರು.

ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಬಾಯಿಯಿಂದ ಬದುಕಿದವನು. “ಯಾ ವಹಿನಿ, ಬಸಾ!” ಬನ್ನಿ ಅತ್ತಿಗೆ, ಕೂಡಿ ಎಂದು ನಾನು ಮರಾಠಿಯಲ್ಲಿ ಕರೆದರೆ ಗಲ್ಲಿಯ ಆ ತುದಿಯಲ್ಲಿ ಹೋಗುತ್ತಿದ್ದ ಹೆಂಗಸರು ಈ ತುದಿಗೆ ತಿರುಗುತ್ತಿದ್ದರು. ಕನ್ನಡದಲ್ಲಿ ಬೆಲೆ ಹೇಳಿ, ಹಿಂದಿಯಲ್ಲಿ ಆಣೆ ಹಾಕಿ, ಮರಾಠಿಯಲ್ಲಿ ಸೀರೆ ಕಟ್ಟಿ ಕೊಡುತ್ತಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನಾನು ಮಾತು ಬಲ್ಲೆ, ಊಟವನ್ನೂ ಬಲ್ಲೆ, ಆದರೆ ಸಿಗರೇಟು ಬಿಟ್ಟಿರಲಿಲ್ಲ. ಐವತ್ತರ ವಯಸ್ಸಿನ ಹತ್ತಿರ ಧ್ವನಿ ಒಡೆಯಿತು. ಶೀತ ಎಂದುಕೊಂಡೆ. ಡಾಕ್ಟರು ಗಂಟಲೊಳಗೆ ನಳಿಗೆ ಇಳಿಸಿ ನೋಡಿ ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಕೊಡುತ್ತೇವೆ, ತೆಗೆಸಿದರೆ ಬದುಕುತ್ತೀರಿ, ಇಲ್ಲದಿದ್ದರೆ ಇಲ್ಲ ಎಂದರು.

ನಾನು ತೆಗೆಸುವುದಿಲ್ಲ ಎಂದೆ.

ಹೆಂಡತಿ ಅತ್ತಳು, ಬೈದಳು, ಎರಡು ದಿನ ಊಟ ಬಿಟ್ಟಳು. ನಾನು ಹಟ ಬಿಡಲಿಲ್ಲ. ಮೂಕನಾಗಿ ಗಾದಿಯ ಮೇಲೆ ಕೂತು ಗಿರಾಕಿಗಳ ಮುಖ ನೋಡುವುದಕ್ಕಿಂತ ಇದ್ದಷ್ಟು ದಿನ ಮಾತಾಡಿ ಸಾಯುವುದೇ ಲೇಸು ಎಂದು ನಿಜವಾಗಿಯೂ ಅನಿಸಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದು ಸಾವಿಗಿಂತ ಮೌನಕ್ಕೇ ಹೆಚ್ಚು ಹೆದರಿದ್ದೆ. ಮೂರು ವಾರ ಹೀಗೇ ಕಳೆದ ಮೇಲೆ ಅವಳು ನನಗೆ ಹೇಳದೆ ದಾರಿ ದಾಟಿ ಕಾಕಾರ ಕಟ್ಟೆಗೆ ಹೋದಳು.

ಮಧ್ಯಾಹ್ನ ಅಂಗಡಿ ಖಾಲಿಯಿದ್ದ ಹೊತ್ತು. ಕಾಕಾ ಬಂದು ಚಪ್ಪಲಿ ಬಿಟ್ಟು ಗಾದಿ ಹತ್ತಿ ಕೂತರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಅಂಗಡಿಯೊಳಗೆ ಬಂದದ್ದು ಅದೇ ಮೊದಲು.

“ಏನ್ ತಗೀತಾರಂತ ಡಾಕ್ಟರ್?” ಎಂದರು.

“ಧ್ವನಿ ತಗೀತಾರಂತ ಕಾಕಾ. ಆಮ್ಯಾಲ ನಾ ಒಂದು ಮೂಕಪ್ರಾಣಿ,” ಎಂದೆ.

ಅವರ ಮುಖ ಬಿಗಿಯಿತು. “ಹಂಗನ್ನಬ್ಯಾಡ ತಮ್ಮಾ. ಆ ಪ್ರಾಣಿಗೋಳನ್ನ ಮೂಕ ಮಾಡಿದ್ದು ನಾವಽ,” ಎಂದರು.

ಯಾರಿಗೂ ಹೇಳದ್ದನ್ನು ಅಂದು ನನಗೆ ಹೇಳಿದರು. ಬರ್ಮಾದಲ್ಲಿ ಅವರ ತುಕಡಿ ಜಪಾನಿ ಸೈನ್ಯದ ಬೆನ್ನ ಹಿಂದೆ ಕಾಡಿನಲ್ಲಿ ಅಡಗಿ ನಡೆಯಬೇಕಿತ್ತು. ಒಂದು ಹೇಸರಗತ್ತೆ ಒದರಿದರೂ ಎಲ್ಲರ ಕತೆ ಮುಗಿದಂತೆ. ಅದಕ್ಕೆ ಹೊರಡುವ ಮೊದಲೇ ಎಲ್ಲ ಹೇಸರಗತ್ತೆಗಳ ಗಂಟಲಿನಿಂದ ಧ್ವನಿ ತೆಗೆಯಬೇಕೆಂದು ಹುಕುಂ ಬಂತು. ಪಶುವೈದ್ಯ ಕೊಯ್ಯುವವನು, ನಡೆಸುವ ಸಿಪಾಯಿ ತಲೆ ಹಿಡಿಯುವವನು. ಕಾಕಾರ ಪಾಲಿಗೆ ಬಂದಿದ್ದ ಕಂದು ಬಣ್ಣದ ಹೆಣ್ಣು ಹೇಸರಗತ್ತೆಗೆ ಅವರು ಇಟ್ಟಿದ್ದ ಹೆಸರು ತಂಗೆವ್ವ.

“ನನ್ನ ಕಂಡ್ರ ದೂರದಿಂದ ಒದರಾಕಿ ಆಕಿ. ಆಕಿ ತಲಿ ನಾನಽ ಹಿಡಿದೆ. ಔಷಧ ಏರೂತನಕಾ ನನ್ನ ಮಾರಿನಽ ನೋಡಿದ್ಲು,” ಎಂದರು. “ಎಚ್ಚರಾದ ಮ್ಯಾಲ ಎಲ್ಲಾವೂ ಬಾಯಿ ತಗದು, ಹೊಟ್ಟಿ ಒತ್ತಿ ಒದರಾಕ ನೋಡ್ತಿದ್ವು. ಗಾಳಿ ಅಷ್ಟಽ ಬರೂದು. ಹದಿನೈದು ದಿನ ನನಗ ಅನ್ನ ಸೇರಲಿಲ್ಲ. ಆಮ್ಯಾಲ ಏನಾತು ಗೊತ್ತದ ಏನು? ಕಾಲ ಕುಟ್ಟಾಕ ಸುರು ಮಾಡಿದ್ವು. ಕಾಳಿನ ಚೀಲ ಕಂಡ್ರ ಎರಡು ಸಲ ಕುಟ್ಟೋವು. ಅಂಗೈ ಮ್ಯಾಲ ಉಸಿರು ಬಿಡೋವು, ಹೆಗಲಿಗೆ ಹಣಿ ಒತ್ತೋವು. ಎರಡು ತಿಂಗಳಿನ್ಯಾಗ ಯಾವ ಖಚ್ಚರ್ ಏನಂತದ ಅಂತ ನಮಗೆಲ್ಲಾ ತಿಳೀತಿತ್ತು. ಧ್ವನಿ ತಗದಿದ್ವಿ ತಮ್ಮಾ. ಮಾತು ತಗಿಯಾಕ ನಮ್ಮ ಕಡಿಂದ ಆಗಲಿಲ್ಲ.”

“ಮತ್ತ ತಂಗೆವ್ವ?” ಎಂದೆ.

“ಆಕಿ ಎಲ್ಲಾರ ಕೈಯಾಗೂ ತಿಂತಿದ್ಲು. ನನ್ನ ಕೈಯಾಗ ತಿನ್ನಲಿಲ್ಲ. ನಾ ಚೀಲ ತಂದ್ರ ಮಾರಿ ತಿರುವಾಕಿ.”

ಮುಂದಿನದನ್ನು ಹೇಳುವಾಗ ಅವರು ನನ್ನತ್ತ ನೋಡಲಿಲ್ಲ, ಮಡಿಸಿಟ್ಟ ಸೀರೆಗಳನ್ನು ನೋಡುತ್ತ ಹೇಳಿದರು. ಕೊಹಿಮಾದಲ್ಲಿ ಜಪಾನಿಯರು ಹಿಂದೆ ಸರಿದರೆಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದ ಬೆಳಗು. ಮಳೆಗಾಲ, ಗುಡ್ಡದ ಕೆಸರು ದಾರಿ. ಮುಂದಿನವರು ಒಬ್ಬರಿಗೊಬ್ಬರು ಸುದ್ದಿ ದಾಟಿಸುತ್ತ ಕೈಕುಲುಕುತ್ತಿದ್ದಾಗ ಹಿಂದೆ ತಂಗೆವ್ವನ ಕಾಲು ಜಾರಿತು. ಬೆನ್ನ ಮೇಲಿನ ತಗಡಿನ ಪೆಟ್ಟಿಗೆಗಳು ಉರುಳಿದ ಸದ್ದಷ್ಟೇ ಕೇಳಿತು. ಅವಳು ಒದರಲಿಲ್ಲ. ಕಾಕಾ ಕಣಿವೆಗೆ ಇಳಿದು ಹೋಗುವಾಗ ಜೀವ ಇನ್ನೂ ಇತ್ತು. ಜೇಬಿನಲ್ಲಿದ್ದ ಕಡಲೆಯನ್ನು ಅಂಗೈ ಮೇಲೆ ಹಾಕಿ ಮೂತಿಯ ಹತ್ತಿರ ಹಿಡಿದರು. ಅವಳು ಅಂಗೈ ಮೇಲೆ ಒಮ್ಮೆ ಉಸಿರು ಬಿಟ್ಟಳು. ತಿನ್ನಲಿಲ್ಲ.

“ತಿನ್ನಾಕ ಆಗಲಿಲ್ಲೋ, ಸಿಟ್ಟಿಗೆ ತಿನ್ನಲಿಲ್ಲೋ, ಇವತ್ತಿಗೂ ತಿಳೀಲಿಲ್ಲ,” ಎಂದರು. “ಹಡದ ಮಗಳನ್ನ ಕೇಳಿದ್ರ ಹೇಳ್ತಾಳ. ಇದನ್ನ ಯಾರನ್ನ ಕೇಳಲಿ?”

ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು, “ನೀ ಬದುಕು. ಕಾಲರೆ ಕುಟ್ಟು. ನಾ ತಿಳಕೋತೀನಿ,” ಎಂದು ಹೋದರು.

ಮುಂದಿನ ವಾರ ಆಪರೇಶನ್ ಮಾಡಿಸಿಕೊಂಡೆ. ಒಳಗೆ ಹೋಗುವ ಮೊದಲು ಕೊನೆಯದಾಗಿ ಏನು ಮಾತಾಡಬೇಕೆಂದು ರಾತ್ರಿಯಿಡೀ ಯೋಚಿಸಿ ಇಟ್ಟುಕೊಂಡಿದ್ದೆ. ಆ ಹೊತ್ತಿಗೆ ಎಲ್ಲ ಮರೆತು ಹೆಂಡತಿಗೆ, “ಅಂಗಡಿ ಕೀಲಿ ನೋಡಕೋ,” ಎಂದೆ. ನನ್ನ ಧ್ವನಿಯ ಕಡೆಯ ಮಾತು ಅದು, ಅವಳು ಇನ್ನೂ ಆಡಿಕೊಂಡು ನಗುತ್ತಾಳೆ. ಕುತ್ತಿಗೆಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟರು. ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂಥ ಸದ್ದು. ಎರಡು ದಿನ ಬಳಸಿ ಕಪಾಟಿನಲ್ಲಿಟ್ಟೆ.

ಅಂಗಡಿಯ ಮೇಲಿನ ಮನೆಗೆ ಬಂದು ಹದಿನೈದು ದಿನ ಗೋಡೆಗೆ ಮುಖ ಮಾಡಿ ಮಲಗಿದೆ. ಬಾಯಿ ತೆರೆಯುತ್ತಿದ್ದೆ, ಗಾಳಿ ಕುತ್ತಿಗೆಯಿಂದ ಹೋಗಿಬಿಡುತ್ತಿತ್ತು. ಹದಿನಾರನೆಯ ದಿನ ಕೆಳಗೆ ಅಂಗಡಿಗೆ ಇಳಿದೆ. ಎದುರಿನ ಕಟ್ಟೆಯಿಂದ ಕಾಕಾ ಏನೂ ಆಗದವರಂತೆ, “ಏ ಸಾವಕಾರ, ಚಹಾ ಕುಡೀತಿ ಏನು?” ಎಂದು ಕೂಗಿದರು. ನಾನು ಮೆಟ್ಟಿಲ ಮೇಲೆ ನಿಂತು ಎರಡು ಸಲ ಕಾಲು ಕುಟ್ಟಿದೆ. ಅವರು ತಲೆಯಾಡಿಸಿ ಎರಡು ಕಪ್ ಹೇಳಿದರು. ಅಂದಿನಿಂದ ನಮ್ಮಿಬ್ಬರ ನಡುವೆ ಅದೇ ‘ಹೌದು’ ಆಯಿತು. ಗಿರಾಕಿಗಳಿಗೂ ರೂಢಿಯಾಯಿತು. ಸೀರೆಯ ಸೆರಗು ಬಿಡಿಸಿ ಅವರ ಹೆಗಲ ಮೇಲೆ ಹಾಕಿ ಕನ್ನಡಿ ತೋರಿಸಿದರೆ ಸಾಕು, ಅರ್ಧ ಮಾತು ಅಲ್ಲೇ ಮುಗಿಯುತ್ತದೆ. ನಾನು ಇಷ್ಟು ವರ್ಷ ಸುಮ್ಮನೆ ಗಂಟಲು ಹರಿದುಕೊಂಡಿದ್ದೆ.

ಕಾಕಾ ಆಮೇಲೂ ಐದು ವರ್ಷ ಇದ್ದರು. ಕಡಲೆ ನೆನೆಸುವುದನ್ನು ಒಂದು ದಿನವೂ ಬಿಡಲಿಲ್ಲ, ತಂಗೆವ್ವನ ಪಾಲು ತೆಗೆದಿಡುವುದನ್ನೂ ಬಿಡಲಿಲ್ಲ. ತೊಂಬತ್ತರ ಹತ್ತಿರ ಬಿದ್ದು ಹಾಸಿಗೆ ಹಿಡಿದಾಗ ಹಡಪಸರದಿಂದ ಮಗಳು ಬಂದು ಕಟ್ಟೆಯ ಹಿಂದಿನ ಖೋಲಿಯಲ್ಲಿ ಅವರನ್ನು ನೋಡಿಕೊಂಡಳು. ಕಣ್ಣು ಮಂಜಾಗಿತ್ತು, ಮಾತು ನಿಂತಿತ್ತು. ಹೆಸರು ಹೇಳಿ ಕೂಗಿ ನೋಡಿರಿ, ಗೊತ್ತಿದ್ದವರ ಧ್ವನಿಗೆ ಎಚ್ಚರವಾದರೂ ಆದೀತು ಎಂದು ಡಾಕ್ಟರು ಹೇಳಿದ್ದರಂತೆ. ಗಲ್ಲಿಗೆ ಗಲ್ಲಿಯೇ ಬಂದು ಕೂಗಿತು. ಕಾಕಾ ಅಲುಗಲಿಲ್ಲ.

ನಾನೂ ಹೋದೆ. ನಾನು ಯಾವುದರಿಂದ ಕೂಗಲಿ?

“ನೀವು ಸುಮ್ಮನ ಕೂಡ್ರಿ ಅಣ್ಣಾರ, ಅಷ್ಟಽ ಸಾಕು,” ಎಂದು ಮಗಳು ಸ್ಟೂಲು ಸರಿಸಿದಳು. ಕೂತಾಗ ಅವರ ಬಲಗೈ ಕಂಡಿತು. ಚಾದರದ ಮೇಲೆ ಅಂಗೈ ಮೇಲಾಗಿ, ನಾಲ್ಕು ಬೆರಳು ಕೂಡಿ ನೇರವಾಗಿ, ಹೆಬ್ಬೆರಳು ಪಕ್ಕಕ್ಕೆ ಒತ್ತಿಕೊಂಡು ಚಾಚಿತ್ತು. ಅಪ್ಪನ ರೂಢಿ ತಪ್ಪಿಸಬಾರದೆಂದು ಮಗಳು ನೆನೆಸಿಟ್ಟ ಕಡಲೆಯ ಮಗ್ಗು ಕಿಟಕಿಯಲ್ಲಿತ್ತು. ನಾಲ್ಕು ಕಾಳು ತೆಗೆದು ಆ ಅಂಗೈ ಮೇಲೆ ಇಟ್ಟೆ. ಬಗ್ಗಿದೆ. ನನ್ನ ಕುತ್ತಿಗೆಯ ಉಸಿರು ಅವರ ಅಂಗೈಗೆ ತಾಗಿತು. ಬೆರಳುಗಳು ಇನ್ನಷ್ಟು ನೇರವಾದವು. ತುಟಿಯಿಂದ ಒಂದೊಂದೇ ಕಾಳು ಎತ್ತಿಕೊಂಡು ನಾಲ್ಕನ್ನೂ ತಿಂದೆ.

“ತಿಂದ್ಯಾ?” ಎಂದರು ಕಾಕಾ. ಒಂಬತ್ತು ದಿನಗಳ ಮೇಲೆ ಬಂದ ಮೊದಲ ಮಾತು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

“ಸಿಟ್ಟ ಹೋತೇನ ತಂಗೆವ್ವಾ?”

ನಾನು ಎದ್ದು ನಿಂತು ನೆಲಕ್ಕೆ ಎರಡು ಸಲ ಕಾಲು ಕುಟ್ಟಿದೆ. ಮತ್ತೆ ಬಗ್ಗಿ ಅವರ ಅಂಗೈಗೆ ಹಣೆ ಒತ್ತಿದೆ. ಅಷ್ಟು ವರ್ಷ ಪಕ್ಕಕ್ಕೆ ಒತ್ತಿಹಿಡಿದಿದ್ದ ಹೆಬ್ಬೆರಳು ಬಿಡಿಸಿಕೊಂಡು ಬಂದು ನನ್ನ ಹಣೆಯನ್ನು ಸವರಿತು. ಮೂರನೆಯ ದಿನ ಕಾಕಾ ಹೋದರು.

ಮುದುಕರಿಗೆ ಸುಳ್ಳು ಹೇಳಿ ಕಳಿಸಿದೆನೇನೋ ಎಂದು ಆಗಾಗ ಅನಿಸುತ್ತದೆ. ಹೆಂಡತಿ, “ಅದು ಸುಳ್ಳು ಅಂತ ನಿಮಗ ಯಾರು ಹೇಳಿದ್ರು?” ಎನ್ನುತ್ತಾಳೆ. ನನಗೆ ಅಷ್ಟು ತಿಳಿಯದು. ಆದರೆ ಇಷ್ಟು ಗೊತ್ತು: ಅಂದು ನನ್ನ ಗಂಟಲಿನಲ್ಲಿ ಧ್ವನಿ ಇದ್ದಿದ್ದರೆ, ನಾನು ಸುಮ್ಮನಿರುತ್ತಿರಲಿಲ್ಲ. “ಕಾಕಾ, ನಾನ್ರೀ, ಎದುರಿನ ಸೀರಿ ಅಂಗಡ್ಯಾಂವಾ,” ಎಂದು ಒದರಿಬಿಡುತ್ತಿದ್ದೆ.